ನಲವತ್ತು ವ್ಯಾಟಿನ ಪೆಟ್ಟಿಗೆ

ಕೆರಿಯ ಮತ್ತೆ ಬಲ್ಬು ಹಾಕಿದ್ದ. ಹಗಲು ಹನ್ನೊಂದು ಗಂಟೆ. ಅಂಗಳದಲ್ಲಿ ಬಿದ್ದ ಸೂಜಿಯೂ ಕಾಣುವಷ್ಟು ಬಿಸಿಲು. ಆದರೂ ಸಂಘದ ಜಗಲಿಯ ತೊಲೆಗೆ ಸಾಲಾಗಿ ಕಟ್ಟಿದ ಅರವತ್ತು ವ್ಯಾಟಿನ ಹತ್ತು ಬಲ್ಬುಗಳು ಹಲ್ಲು ಕಿರಿದು ಉರಿಯುತ್ತಿದ್ದವು.

ಶಾಲೆಯ ಅಕ್ಕೋರು ಪರಿಮಳಾಗೆ ಮೈ ಉರಿಯಿತು. ಹುಬ್ಬಳ್ಳಿಯ ಪರಿಸರ ಸಂಸ್ಥೆಯ ಕಲ್ಲಯ್ಯನವರು ಇನ್ನೊಂದು ತಾಸಿಗೆ ಬರುವವರಿದ್ದರು. ಬರುವುದೇ ಊರಿನಲ್ಲಿ ಕರೆಂಟು ಪೋಲಾಗುತ್ತಿದೆಯೇ ಎಂದು ನೋಡಲಿಕ್ಕೆ.

ನಿಲ್ಕುಂದದಿಂದಾಚೆ, ಕಾಡೊಳಗಿನ ಈ ಕೇರಿಗೆ ಸರಕಾರದ ತಂತಿ ಬಂದಿರಲಿಲ್ಲ. ಜಿಲ್ಲೆಯ ಹೊಳೆಗಳು ಊರೂರಿಗೆ ಬೆಳಕು ಕೊಡುತ್ತಿದ್ದವು. ಕೇರಿಗೆ ಸಿಕ್ಕಿದ್ದು ಅರ್ಜಿ ತಲುಪಿದೆ ಎಂಬ ಸ್ವೀಕೃತಿ ಚೀಟಿ. ಬೇಸತ್ತ ಜನ ಹಳ್ಳಕ್ಕೆ ನೀರಿನಿಂದ ತಿರುಗುವ ಪುಟ್ಟ ಚಕ್ರ ಕೂರಿಸಿ ತಮ್ಮ ಕರೆಂಟು ತಾವೇ ಮಾಡಿಕೊಂಡಿದ್ದರು. ಮೂರು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿದ್ದವನು ಕೆರಿಯ. ಓದು ಮೂರನೆಯ ಇಯತ್ತೆ.

ಸಂಘದಲ್ಲಿ ಹಳೆಯದೊಂದು ಕಂಪ್ಯೂಟರ್ ಇತ್ತು. ಡೊಳ್ಳು ಹೊಟ್ಟೆಯ ಪರದೆ, ಇನ್ನೂರಿಪ್ಪತ್ತು ವ್ಯಾಟು, ಅರ್ಧ ಪುಟ ಬರೆಯುವಷ್ಟರಲ್ಲಿ ನಿಂತುಹೋಗುವ ಚಾಳಿ. ಅದನ್ನು ಒಯ್ದು ಹೊಸತು ಕೊಡಲು ಸಂಸ್ಥೆ ಒಪ್ಪಿತ್ತು. ಕರಾರು ಎರಡು: ಅತಿ ಕಡಿಮೆ ಕರೆಂಟು ಕುಡಿಯುವ ಯಂತ್ರವನ್ನೇ ಆರಿಸಬೇಕು, ಊರಿನಲ್ಲಿ ದುಂದು ಕಂಡರೆ ಯಂತ್ರ ಅಂದೇ ವಾಪಸ್.

ಪರಿಮಳಾ ಶಿರಸಿಯ ಅಂಗಡಿಗಳನ್ನೆಲ್ಲ ಸುತ್ತಿದ್ದಳು. ವ್ಯಾಟು ಎಷ್ಟು ಎಂದರೆ ಅಂಗಡಿಯವರು ಬಣ್ಣ ಹೇಳುತ್ತಿದ್ದರು. ಪೆಟ್ಟಿಗೆಗಳನ್ನು ತಾನೇ ತಿರುಗಿಸಿ ಬೆನ್ನ ಮೇಲಿನ ಚೀಟಿ ಓದಿದಳು. ನಾಲ್ಕನೆಯ ಸಲ ಹೋದಾಗ ಸಿಕ್ಕಿತು: ತೆಳು ಪರದೆ, ಗೇಣುದ್ದದ ಪೆಟ್ಟಿಗೆ, ಬೆಸುಗೆಯಲ್ಲಿ ಸೀಸವಿಲ್ಲ, ಹಳತಾದರೆ ಕಂಪನಿಯೇ ಹಿಂದಕ್ಕೆ ಪಡೆಯುತ್ತದೆ. ಎಲ್ಲ ಸೇರಿ ನಲವತ್ತು ವ್ಯಾಟು.

ಅದನ್ನು ತರುವ ಮೊದಲು ಸೇರಿದ ಸಂಘದ ಸಭೆಯಲ್ಲಿ ಬೇಡವೆಂದು ಎದ್ದು ನಿಂತವನು ಕೆರಿಯ ಒಬ್ಬನೇ.

"ಹಳೇದೇ ಇರ್ಲಿ ಅಕ್ಕೋರೆ. ಸಣ್ಣದು ತಂದ್ರೆ ಚಕ್ರಕ್ಕೆ..."

ಚಕ್ರದ ವಿಷಯ ಇವತ್ತಿನ ಸಭೆಯದ್ದಲ್ಲ ಎಂದು ಪರಿಮಳಾ ಅವನನ್ನು ಕೂರಿಸಿದ್ದಳು. ಓದಿದವರು ಆರಿಸಿದ್ದು ಓದದವರಿಗೆ ರುಚಿಸುವುದಿಲ್ಲ ಎಂದು ಆಮೇಲೆ ಸಂಘದ ಬೇರೆಯವರೂ ಅಂದರು.

ಹೊಸ ಯಂತ್ರ ಬಂದ ದಿನವೇ ಅವನ ಹಠ ಶುರುವಾಯಿತು. ಜಗಲಿಯಲ್ಲಿ ಏಳು ಇದ್ದ ಬಲ್ಬು ಹತ್ತಾದವು. ಹಗಲೆಲ್ಲ ಉರಿಸುತ್ತಿದ್ದ. ಸಂಜೆ ಮನೆಮನೆಯಲ್ಲಿ ದೀಪ ಹತ್ತಿದ ಮೇಲೆ, ಜಗಲಿಗೆ ನಿಜಕ್ಕೂ ಬೆಳಕು ಬೇಕಾದ ಹೊತ್ತಿಗೆ, ಒಂದೊಂದಾಗಿ ಆರಿಸುತ್ತಿದ್ದ. ಕಣ್ಣಿಗೆ ಹೊಡೆಯುವ ಕುಚೋದ್ಯ. ಆರಿಸು ಎಂದು ಅವಳು ನಾಲ್ಕು ಸಲ ಹೇಳಿದ್ದಳು. ನಾಲ್ಕೂ ಸಲ ಅವನದು ಒಂದೇ ನಗೆ.

"ಹೊತ್ತಿರ್ಲಿ ಬಿಡಿ. ಹಳ್ಳದ ನೀರಿಗೆ ಯಾರು ಬಿಲ್ಲು ಕಳಿಸ್ತಾರೆ?"

ಅವನಿಗೆ ತಮಾಷೆ. ಆ ಪೆಟ್ಟಿಗೆಯೊಳಗೆ ನಲವತ್ತೆರಡು ಮನೆಗಳ ಅರಣ್ಯ ಜಮೀನಿನ ಅರ್ಜಿಗಳಿದ್ದವು. ಮುದುಕರ ಬಾಯಿಂದ ಕೇಳಿ ಕೇಳಿ ಅವಳು ತಿಂಗಳಿಡೀ ಬರೆದದ್ದು. ಮೊದಲನೆಯದು ಚೌಡಮ್ಮನದು: ಮಾವನ ಅಪ್ಪನ ಕಾಲದಿಂದ ಉತ್ತುಕೊಂಡು ಬಂದ ಎರಡೆಕರೆ. ನಾಳೆ ಪೆಟ್ಟಿಗೆಯನ್ನು ಶಿರಸಿಗೆ ಒಯ್ದು ಅಚ್ಚು ತೆಗೆಸಬೇಕು. ಸೋಮವಾರ ಸಿದ್ದಾಪುರದಲ್ಲಿ ಕೊಡಬೇಕು. ಅದೇ ಕೊನೆಯ ದಿನ. ಬೇರೆ ಪ್ರತಿ ಇರಲಿಲ್ಲ. ಕಲ್ಲಯ್ಯನವರು ಇವತ್ತೇ ಯಂತ್ರ ಎತ್ತಿಕೊಂಡು ಹೋದರೆ ನಲವತ್ತೆರಡು ಮನೆ ಬೀದಿಗೆ.

ಜೀಪು ಹೇಳಿದ್ದಕ್ಕಿಂತ ಮೊದಲೇ ಬಂತು. ಕೆರಿಯ ಕಾಲುವೆಗೆ ಸಿಕ್ಕಿದ ತರಗೆಲೆ ತೆಗೆಯಲು ಹಳ್ಳಕ್ಕಿಳಿದಿದ್ದ. ಜಗಲಿಯಲ್ಲಿ ಚೌಡಮ್ಮನನ್ನು ಕಾವಲು ಕೂರಿಸಿ ಹೋಗಿದ್ದ.

ಕಲ್ಲಯ್ಯ ಒಳಗೆ ಹೋಗಿ ಯಂತ್ರ ನೋಡಿದರು. ಪರದೆಯ ಮೇಲೆ ಚೌಡಮ್ಮನ ಅರ್ಜಿ ತೆರೆದಿತ್ತು. ಆಯ್ಕೆ ಅಂದ್ರೆ ಹಿಂಗಿರಬೇಕು ಎಂದು ಮೆಚ್ಚಿದರು. ಹೊರಗೆ ಬಂದು ತೊಲೆ ನೋಡಿ ಪೆನ್ನು ತೆಗೆದರು.

"ಇಷ್ಟು ಬಿಸಿಲಾಗ ಇವು ಯಾಕ್ರಿ? ಸೂರ್ಯಗ ದಾರಿ ತೋರಸಾಕೇನು?"

ಪರಿಮಳಾಳ ಮುಖ ಕೆಂಪಾಯಿತು. ಸೀದಾ ಸ್ವಿಚ್ ಬೋರ್ಡಿನ ಕಡೆ ನಡೆದಳು. ಚೌಡಮ್ಮ ಎದ್ದು ಅಡ್ಡ ನಿಂತಳು.

"ಬ್ಯಾಡ ಅಕ್ಕೋರೆ. ಕೆರಿಯ ಬರ್ಲಿ. ಯಾರೂ ಕೈ ಹಚ್ಚೂದು ಬ್ಯಾಡ ಅಂದಾನೆ."

"ನಿನ್ನ ಜಮೀನು ಉಳಿಸ್ಲಿಕ್ಕೆ ಒದ್ದಾಡ್ತಾ ಇರೋದು ನಾನು ಚೌಡಮ್ಮ. ಕೆರಿಯ ಅಲ್ಲ."

ಮುದುಕಿ ಸರಿದಳು. ಪರಿಮಳಾ ಜಗಲಿಯ ಬಲ್ಬುಗಳ ದೊಡ್ಡ ಸ್ವಿಚ್ಚನ್ನು ಒಂದೇ ಏಟಿಗೆ ಕೆಳಗೆಳೆದಳು. ಹತ್ತೂ ಬಲ್ಬು ಆರಿದವು. ಕಲ್ಲಯ್ಯನವರು ನಕ್ಕು, ಏನೋ ಒಳ್ಳೆಯದನ್ನೇ ಬರೆಯತೊಡಗಿದರು.

ಎರಡು ಉಸಿರಿನಷ್ಟು ಹೊತ್ತು ಎಲ್ಲ ನೆಮ್ಮದಿ.

ಆಮೇಲೆ ಹಳ್ಳದ ಕಡೆಯಿಂದ ಒಂದು ಕೂಗು ಎದ್ದಿತು. ಮನುಷ್ಯರದಲ್ಲ, ಕಬ್ಬಿಣದ್ದು. ಏರುತ್ತ ಏರುತ್ತ ಕಿವಿಗೆ ಸೂಜಿಯಾಯಿತು. ಒಳಗೆ ಪರದೆ ಒಮ್ಮೆ ಬೆಳ್ಳಗೆ ಹೊಳೆದು ಕಪ್ಪಾಯಿತು. ಪೆಟ್ಟಿಗೆಯೊಳಗೆ ಪಟಪಟ ಸದ್ದು. ಸಂದಿಯಿಂದ ನೀಲಿ ಹೊಗೆ, ಸುಟ್ಟ ಪ್ಲಾಸ್ಟಿಕ್ಕಿನ ಘಾಟು.

ಕೆರಿಯ ಓಡಿಬಂದ. ಮೊಣಕಾಲವರೆಗೆ ಕೆಸರು. ಮೊದಲು ಸ್ವಿಚ್ಚು ಮೇಲೆತ್ತಿದ. ಬಲ್ಬುಗಳು ಹತ್ತಿದವು, ಹಳ್ಳದ ಕೂಗು ಇಳಿಯಿತು. ಆಮೇಲೆ ಒಳಗೆ ಹೋಗಿ ಹೊಗೆಯಾಡುವ ಪೆಟ್ಟಿಗೆಯ ಮುಂದೆ ನಿಂತ. ಯಾರನ್ನೂ ಬಯ್ಯಲಿಲ್ಲ.

"ಹೊರೆ ಇಳಿದ್ರೆ ಚಕ್ರ ಹುಚ್ಚೆದ್ದು ಓಡ್ತದೆ ಅಕ್ಕೋರೆ, ಕರೆಂಟು ಉಕ್ಕಿ ಸಿಕ್ಕಿದ್ದನ್ನ ಸುಡ್ತದೆ," ಎಂದ. "ಹಳೇದು ಹೊರ್ತಿದ್ದ ಹೊರೇನ ನಿಮ್ಮ ಸಣ್ಣ ಪೆಟ್ಟಿಗೆ ಹೊರ್ಲಿಲ್ಲ. ಅದು ಸುಡದೆ ಉಳೀಲಿ ಅಂತ್ಲೇ ಮೂರು ಬಲ್ಬು ಹೆಚ್ಚಿಗೆ ಹಾಕಿದ್ದೆ."