ಐರಿನಳ ಬಡಿತ

ಕೊಡುವುದೋ, ಬೇಡವೋ? ಬೀರುವಿನ ಪಕ್ಕ ಹಾಗೇ ಇಟ್ಟರೆ ಚೆಲ್ಲೋ ವಾದ್ಯದೊಳಗಿನ ಐರಿನಳ ಎದೆಬಡಿತ ನಿಂತುಹೋಗುತ್ತದೆ. ಬೇರೆಯವರು ನುಡಿಸಿದರೆ, ಎಲ್ಲ ಚೆಲ್ಲೋಗಳ ಹಾಗೆ, ಅದಕ್ಕೂ ಅವರ ಬಡಿತವೇ ಹತ್ತುತ್ತದೆ. ತೀರಿಹೋದ ಹೆಂಡತಿ ಐರಿನಳ ಆ ವಾದ್ಯವನ್ನು ಹಿಲರಿ ಮಾಸ್ಟರು ಕೊನೆಗೂ ಶಿಷ್ಯೆ ಶಕೀಲಾಳ ಕೈಗಿತ್ತರು.

ಅವಳು ಅದನ್ನು ಎದೆಗೊರಗಿಸಿಕೊಂಡು ನಕ್ಕಳು. "ಮಾಸ್ಟ್ರೇ, ಬಸ್ಸು ಹಿಡೀಲಿಕ್ಕೆ ಓಡಿದವರ ಹಾಗೆ ಬಡ್ಕೊಳ್ತದಲ್ಲ ಇದು!"

"ಅವಳು ಯಾವಾಗ್ಲೂ ಹಾಗೇ. ಎಲ್ಲದಕ್ಕೂ ಗಡಿಬಿಡಿ."

"ನಂಗೆ ತಾಳ ತಪ್ತದೆ. ಏನು ಮಾಡ್ಲಿ?"

"ಅದರ ಹಿಂದೆ ಹೋಗ್ಬೇಡ. ನಿನ್ನ ಲಯದಲ್ಲೇ ನುಡಿಸು."

ಶಕೀಲಾ ಕಮಾನು ಎಳೆದಳು. ಮಾಸ್ಟರು ವಾದ್ಯದ ಮರಕ್ಕೆ ಅಂಗೈ ಒತ್ತಿ ನಿಂತರು. ಒಳಗಿನ ಓಟ ನಿಧಾನವಾಗುತ್ತ ಯಾರದೋ ನಡಿಗೆಯಾಗತೊಡಗಿತು. ಅವಳು ಕಣ್ಣುಮುಚ್ಚಿ ನುಡಿಸುತ್ತಲೇ ಇದ್ದಳು.

ಸಾಕು, ನಿಲ್ಲಿಸು ಎಂದು ಅವರು ಹೇಳಲೇ ಇಲ್ಲ.