ಏಳು ಚೀಟಿ

ಕಾಲೇಜಿನಲ್ಲಿ ಫ್ರಿಸ್ಬೀ ತಂಡ ಕಟ್ಟಿದ ದಿನವೇ ನಾಯಕಿ ವೈಶಾಲಿ ಹೇಳಿದ್ದಳು, "ಈ ಆಟಕ್ಕೆ ಅಂಪೈರ್ ಇಲ್ಲ ಕಣ್ರೇ. ತಪ್ಪಾದ್ರೆ ನಾವೇ ಬಾಯಿಬಿಟ್ಟು ಹೇಳ್ಬೇಕು." ಆ ಮಾತಿಗೆ ಮರುಳಾಗಿಯೇ ಇಂಚರ ತಂಡಕ್ಕೆ ಸೇರಿದ್ದಳು.

ಅವರ ಮೊದಲ ಪಂದ್ಯ. ಕೊನೆಯ ಅಂಕಕ್ಕೆ ವೈಶಾಲಿ ಮುಂದಕ್ಕೆ ಹಾರಿ ಫ್ರಿಸ್ಬೀ ತಟ್ಟೆ ಹಿಡಿದಳು. ಹಿಡಿಯುವ ಮೊದಲೇ ಅದು ನೆಲ ಮುಟ್ಟಿದ್ದರೆ ಅಂಕವಿಲ್ಲ.

"ನೆಲಕ್ಕೆ ತಾಗಿತಾ?" ಎಂದು ಎದುರಾಳಿ ನಾಯಕಿ ಕೇಳಿದಳು.

"ಇಲ್ಲ," ಎಂದಳು ವೈಶಾಲಿ.

"ತಾಗಿತು ಅಕ್ಕ, ನಾನು ನೋಡ್ದೆ," ಎಂದುಬಿಟ್ಟಳು ಪಕ್ಕದಲ್ಲೇ ಇದ್ದ ಇಂಚರ.

ಅಂಕ ಹೋಯಿತು, ಪಂದ್ಯವೂ ಹೋಯಿತು. ಆಮೇಲೆ ಯಾರೂ ಅವಳ ಹತ್ತಿರ ಕೂರಲಿಲ್ಲ. "ನಮ್ಮೋಳಾಗಿ ಹಿಂಗ್ ಮಾಡ್ಬಿಟ್ಯಲ್ಲೇ," ಎಂದಳು ಒಬ್ಬಳು. ವೈಶಾಲಿ ಬೆನ್ನು ತಿರುಗಿಸಿ ಶೂ ಲೇಸ್ ಬಿಚ್ಚತೊಡಗಿದಳು. ಬೈದಿದ್ದರೂ ವಾಸಿಯಿತ್ತು. ಹೇಳಿಕೊಟ್ಟವಳೇ ಕೈಬಿಟ್ಟಳಲ್ಲ ಎಂದುಕೊಂಡಳು ಇಂಚರ.

ಅಷ್ಟರಲ್ಲಿ ಎದುರಾಳಿ ನಾಯಕಿ ಖಾಲಿ ಚೀಟಿಗಳನ್ನು ಹಂಚಿದಳು. "ನಿಮ್ಮ ಏಳು ಜನದಲ್ಲಿ ಎಲ್ಲರಿಗಿಂತ ನಿಯತ್ತಾಗಿ ಆಡಿದ್ದು ಯಾರು ಅಂತ ಬರೀರಿ. ಅವರಿಗೊಂದು ಬಹುಮಾನ ಇದೆ."

ಇಂಚರ ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ನಾಳೆಯೂ ಇವರ ಜೊತೆಗೇ ಆಡಬೇಕಲ್ಲ. 'ವೈಶಾಲಿ' ಎಂದು ಬರೆದು ಮಡಿಚಿ ಕೊಟ್ಟಳು.

ಎದುರಾಳಿ ನಾಯಕಿ ಚೀಟಿಗಳನ್ನು ಬಿಡಿಸಿ ಹುಲ್ಲಿನ ಮೇಲೆ ಹರವಿದಳು. ಆರರಲ್ಲಿ ವೈಶಾಲಿಯ ಹೆಸರಿತ್ತು. ಏಳನೆಯದರಲ್ಲಿ ಮಾತ್ರ 'ಇಂಚರ' ಎಂದಿತ್ತು, ದಿನಾ ಹಾಸ್ಟೆಲ್ ಬೋರ್ಡಿನ ಮೇಲೆ ಅಭ್ಯಾಸದ ಸಮಯ ಬರೆಯುತ್ತಿದ್ದ ವೈಶಾಲಿಯ ಅದೇ ಓರೆ ಅಕ್ಷರದಲ್ಲಿ.