ಗಂಡು ಎಂದು ಒತ್ತಿದರೆ

ವೈಕುಂಠಯ್ಯ 'ಗಂಡು' ಎಂದು ಒತ್ತಿದ್ದೇ ತಡ, ಲ್ಯಾಪ್‌ಟಾಪ್ ಪರದೆಯ ಮೇಲಿದ್ದ ಸೀರೆ, ಬಳೆ, ಉದ್ದನೆಯ ಜಡೆ ಎಲ್ಲ ಮಾಯವಾದವು. ಕಿರೀಟ, ಗದೆ ಮಾತ್ರ ಉಳಿದವು. ಅವರು ಬೆಂಕಿ ತಾಗಿದವರಂತೆ ಬೆರಳು ಹಿಂದಕ್ಕೆಳೆದುಕೊಂಡರು. "ಹೆಣ್ಣೇ, ನಾನ್ ಎಂತದೋ ಹಾಳ್ ಮಾಡ್ದೆ ಕಾಣ್!"

"ಹಾಳಾಯ್ಲಿಲ್ಲ ಅಪ್ಪಯ್ಯಾ, ಹಾಂಗೆ ಆಯ್ಕ್ ಅಂದೇ ನಾನ್ ಮಾಡಿದ್ದ್," ಎಂದು ರಮ್ಯಶ್ರೀ ನಕ್ಕಳು. ಅಪ್ಪಯ್ಯ ಹೊಲಿಯುವ ಯಕ್ಷಗಾನದ ವೇಷಗಳನ್ನು ಮಾರಲು ಅವಳು ಆನ್‌ಲೈನ್ ಅಂಗಡಿ ತೆರೆಯುತ್ತಿದ್ದಳು. ವೇಷ ಕಟ್ಟುವವರು ಗಂಡೋ ಹೆಣ್ಣೋ ಎಂದು ಮೊದಲು ಆರಿಸಬೇಕು. ಆಮೇಲೆ ಅವರಿಗೆ ಹೊಂದುವ ಸಾಮಾನು ಮಾತ್ರ ಕಾಣಿಸುತ್ತದೆ. "ಸಾಮಾನ್ ತಕಂಬವ್ರಿಗೆ ಗೊಂದಲ ಆಪುಕಾಗ ಅಲ್ದಾ?"

ವೈಕುಂಠಯ್ಯ 'ಹೆಣ್ಣು' ಎಂದು ಒತ್ತಿದರು. ಜಡೆ ಬಂತು. ಮತ್ತೆ 'ಗಂಡು' ಎಂದು ಒತ್ತಿದರು. ಜಡೆ ಹೋಯಿತು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ, ದ್ರೌಪದಿಯ ವೇಷದಲ್ಲಿ ಅವರದೇ ಫೋಟೋ ತೂಗುತ್ತಿತ್ತು. ಮೂವತ್ತು ವರ್ಷ ಮೇಳದಲ್ಲಿ ಅವರು ಕಟ್ಟಿದ್ದು ಸ್ತ್ರೀವೇಷವನ್ನೇ. ಮನೆಗೆ ಅನ್ನ ಬಂದದ್ದು, ರಮ್ಯಶ್ರೀ ಓದಿದ್ದು ಅದರಿಂದಲೇ.

ಅವರು ಇನ್ನೊಮ್ಮೆ ಪರದೆಯತ್ತ ಬಗ್ಗಿದರು. ಬಗ್ಗುವಾಗ ಅವರ ಎಡಗೈ, ಹೆಗಲ ಹಿಂದೆ ಇಲ್ಲದ ಜಡೆಯನ್ನು ತಾನಾಗಿಯೇ ಮುಂದಕ್ಕೆ ಎಳೆದು ಎದೆಯ ಮೇಲೆ ಬಿಟ್ಟುಕೊಂಡಿತು. ಅದನ್ನು ನೋಡಿದ ರಮ್ಯಶ್ರೀಯ ನಗು ಅಲ್ಲೇ ನಿಂತಿತು.

"ಹಾಂಗಾರೆ, ನಂಗೊಂದ್ ಜಡಿ ಬೇಕಾರೆ," ಅವರು ನಿಜಕ್ಕೂ ತಿಳಿಯದೆ ಕೇಳಿದರು, "ನಾನ್ ಯಾವ್ದ್ ಒತ್ಕ್ ಮಗಾ?"